ಗಂಡ-ಹೆಂಡತಿ ಇಬ್ಬರೇ, ಅಹಮದಾಬಾದಿನಲ್ಲಿ ಎರಡು ದಿನ

ಮುಂಬಯಿಯಲ್ಲಿರುವ ನಮ್ಮಂಥವರಿಗೆ ರಜೆ ಎಂದರೆ ಒಂದೇ ಅರ್ಥ – ಊರು. ಮಕ್ಕಳ ಪರೀಕ್ಷೆ ಮುಗಿದ ಮರುದಿನವೇ ಊರಿನ ಬಸ್ಸು. ಅಲ್ಲಿ ಮದುವೆ, ಮುಂಜಿ, ಗೃಹಪ್ರವೇಶ. ನಡುವೆ ಬಿಡುವಾದರೆ ಧರ್ಮಸ್ಥಳವೋ ತಿರುಪತಿಯೋ. ಮಕ್ಕಳು ರೆಕ್ಕೆ ಬಲಿತು ಹಾರಿಹೋಗಿ, ನಮ್ಮವರು ನಿವೃತ್ತರಾಗಿ ಮನೆಯಲ್ಲಿ ಕೂತ ಮೇಲೆ ಲೆಕ್ಕ ಹಾಕಿ ನೋಡಿದೆವು. ಮೂವತ್ತು ವರ್ಷಗಳ ಸಂಸಾರದಲ್ಲಿ ನೆಂಟರಿಲ್ಲದ, ಹರಕೆಯಿಲ್ಲದ ಒಂದೂರಿಗೆ ನಾವಿಬ್ಬರೇ ಹೋದದ್ದೇ ಇಲ್ಲ! ಎದುರುಬದುರು ಕೂತರೆ ಕರೆಂಟ್ ಬಿಲ್ಲು, ಮಕ್ಕಳ ಫೋನು, ಮಂಡಿನೋವು – ಇವನ್ನು ಬಿಟ್ಟು ಬೇರೆ ಮಾತೂ ಹೊರಡುತ್ತಿರಲಿಲ್ಲ. ಆಗ ನಿಶ್ಚಯಿಸಿದೆವು: ವರ್ಷಕ್ಕೆರಡು ಸಲ, ಎರಡೆರಡು ದಿನ, ಒಂದೊಂದು ಹಳೆಯ ಪಟ್ಟಣ. ನಮ್ಮ ಸಂಘದಲ್ಲಿ ಇದೇ ವಯಸ್ಸಿನ, ಇದೇ ಸ್ಥಿತಿಯ ಜೋಡಿಗಳು ಬಹಳ ಇದ್ದೀರಿ. ನಿಮಗಾಗಿ ಈ ಬರಹ.

ನಾವು ಮೊದಲು ಹೋದದ್ದು ಅಹಮದಾಬಾದಿಗೆ. ಆಮೇಲೂ ಎರಡು ಸಲ ಹೋಗಿ ಬಂದೆವು. "ಅದು ವ್ಯಾಪಾರದ ಊರು, ಗಿರಣಿಗಳ ಊರು, ಅಲ್ಲಿ ನೋಡುವುದೇನಿದೆ?" ಎಂದು ಕೇಳಿದವರೇ ಹೆಚ್ಚು. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಲಂಡನ್ನಿನ ಬೀದಿಗಳ ಹೆಸರು ಬಾಯಿಪಾಠವಾಗಿತ್ತು. ಒಂದು ರಾತ್ರಿಯ ರೈಲಿನ ದೂರದಲ್ಲಿರುವ ಈ ಊರಿನ ಒಂದು ಓಣಿಯ ಹೆಸರೂ ಗೊತ್ತಿರಲಿಲ್ಲ. 1411ರಲ್ಲಿ ಸುಲ್ತಾನ ಅಹಮದ್ ಶಾಹ ಕಟ್ಟಿಸಿದ ಹಳೆಯ ಊರು ಇವತ್ತಿಗೂ ಜನ ಬಾಳಿ ಬದುಕುವ ಊರೇ. 2017ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ನಗರವೆಂದು ಸಾರಿತು. ಭಾರತದಲ್ಲಿ ಆ ಗೌರವ ಪಡೆದ ಮೊದಲ ನಗರ ಅದು.

ನಾನು ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಊರನ್ನು ಸ್ಥಳಗಳ ಪಟ್ಟಿ ಹಿಡಿದು ನೋಡಬೇಡಿ, ಗಡಿಯಾರ ಹಿಡಿದು ನೋಡಿ. ಮಾಣೆಕ್ ಚೌಕ್ ಎಂಬ ಒಂದೇ ಚೌಕವನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಅಲ್ಲಿ ತರಕಾರಿ ಸಂತೆ, ಹಗಲಿಗೆ ಚಿನ್ನ-ಬೆಳ್ಳಿಯ ಪೇಟೆ. ಚಿನಿವಾರರು ಬಾಗಿಲೆಳೆದುಕೊಂಡ ಮೇಲೆ ಅದೇ ಜಾಗದಲ್ಲಿ ಮಧ್ಯರಾತ್ರಿ ದಾಟುವವರೆಗೆ ತಿಂಡಿ ಬೀದಿ! ಮೂರು ಹೊತ್ತಿಗೆ ಮೂರು ಊರು. ಟ್ಯಾಕ್ಸಿ ಮಾಡಿಕೊಂಡು ಒಂದೇ ದಿನ ಹದಿನಾಲ್ಕು ಸ್ಥಳ ಮುಗಿಸಿದವರು ಇದನ್ನು ಕಾಣಲಾರರು.

ಹೋಗುವುದು ನವೆಂಬರಿನಿಂದ ಫೆಬ್ರವರಿಯೊಳಗೆ. ಜನವರಿ 14ರ ಆಸುಪಾಸು ಗಾಳಿಪಟದ ಉತ್ತರಾಯಣ. ನೋಡಲು ಚಂದ, ಆದರೆ ಕೋಣೆ ಸಿಗುವುದು ಕಷ್ಟ, ಅಂಗಡಿಗಳೂ ಮುಚ್ಚಿರುತ್ತವೆ. ಹಗಲಿಗೆ ವಂದೇ ಭಾರತ್ ರೈಲಿದ್ದರೂ ನನ್ನ ಮತ ರಾತ್ರಿಯ ರೈಲಿಗೆ, ಏಕೆಂದರೆ ಬೆಳಗಿನ ಹೊತ್ತೇ ಈ ಊರಿನ ಬಂಗಾರ. ಟಿಕೇಟಿನಲ್ಲಿ ನಿಲ್ದಾಣದ ಹೆಸರು ನೋಡಿಕೊಳ್ಳಿ. ಎಲ್ಲ ರೈಲುಗಳೂ ಹಳೆಯ ಊರಿಗೆ ಹತ್ತಿರದ ಕಾಲುಪುರದಲ್ಲೇ ನಿಲ್ಲುವುದಿಲ್ಲ. ವಸತಿಯನ್ನು ನದಿಯ ಆಚೆಯ ಹೊಸ ಊರಿನಲ್ಲಿ ಹಿಡಿಯದೆ ಲಾಲ್ ದರ್ವಾಜಾದ ಸುತ್ತಮುತ್ತ ಹಿಡಿದರೆ ಮಧ್ಯಾಹ್ನ ಬಂದು ಕಾಲು ಚಾಚಬಹುದು. ಹಳೆಯ ಹವೇಲಿಗಳಲ್ಲೂ ಈಗ ತಂಗಲು ಕೋಣೆ ಕೊಡುತ್ತಾರೆ. ಅಟ್ಟಕ್ಕೆ ಹತ್ತುವಂಥ ಕಡಿದಾದ ಮರದ ಮೆಟ್ಟಿಲು ಅಲ್ಲಿಯದು. ನೆಲ ಅಂತಸ್ತಿನ ಕೋಣೆ ಇದೆಯೇ, ಕಮೋಡ್ ಇದೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ನಮ್ಮ ವಯಸ್ಸಿಗೆ ಇದರಲ್ಲಿ ನಾಚಿಕೆಯೇನು?

ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ಕಾಲುಪುರದ ಸ್ವಾಮಿನಾರಾಯಣ ಮಂದಿರದಲ್ಲಿರಿ. 1822ರ ಆ ಮಂದಿರದ ಮರದ ಕೆತ್ತನೆ ನೋಡುವಂಥದ್ದು. ಅಲ್ಲಿಂದ ಜಾಮಾ ಮಸೀದಿಯವರೆಗೆ ಮಹಾನಗರಪಾಲಿಕೆಯ ಪರಂಪರೆ ನಡಿಗೆ 1997ರಿಂದ ನಡೆಯುತ್ತಿದೆ. ಸುಮಾರು ಎರಡೂವರೆ ಗಂಟೆ, ನಿಂತು ನಿಂತು ನಡೆಯುವುದರಿಂದ ಮಂಡಿನೋವಿನವರಿಗೂ ಅಂಜಿಕೆಯಿಲ್ಲ. ದಾರಿ ಹೋಗುವುದು 'ಪೋಳ್'ಗಳ ಒಳಗಿಂದ. ಪೋಳ್ ಎಂದರೆ ಬಾಗಿಲಿರುವ ಓಣಿ. ಹಿಂದೆ ರಾತ್ರಿ ಆ ಬಾಗಿಲು ಮುಚ್ಚಿದರೆ ಇಡೀ ಓಣಿ ಒಂದೇ ಮನೆಯಿದ್ದಂತೆ. ನಡುವೆ ಹಕ್ಕಿಗಳಿಗೆ ಕಾಳು ಹಾಕಲು ಕೆತ್ತನೆಯ ಕಂಬದ ಮೇಲೊಂದು ಪುಟ್ಟ ಗೂಡು, ಅದಕ್ಕೆ 'ಚಬೂತರೊ' ಎನ್ನುತ್ತಾರೆ. ಅಂಗಳದ ಕೆಳಗೆ ಮಳೆನೀರು ತುಂಬಿಡುವ 'ಟಾಂಕಾ'. ಅಂಗಳದ ಒಂದು ಮೂಲೆಯ ಪುಟ್ಟ ಮುಚ್ಚಳ ತೆರೆದು ಅಜ್ಜಿಯೊಬ್ಬರು ನಮಗೆ ತೋರಿಸಿದರು. ಕೆಳಗೊಂದು ಕತ್ತಲ ಕೋಣೆಯಷ್ಟು ನೀರು, ಹನಿ ಬಿದ್ದರೆ ಸದ್ದು. ನೀರಿನ ಟ್ಯಾಂಕರಿಗೆ ಸೊಸೈಟಿಯಲ್ಲಿ ಜಗಳವಾಡುವ ನಾವು ಬಾಯಿ ಮುಚ್ಚಿಕೊಂಡು ನಿಂತೆವು.

ಲಾಂಬೇಶ್ವರದ ಪೋಳಿನಲ್ಲಿ ಕವಿ ದಲ್ಪತರಾಮರ ಕಂಚಿನ ಪ್ರತಿಮೆಯಿದೆ. ಕವಿ ತನ್ನ ಮನೆಯ ಜಗಲಿಯ ಮೇಲೆ ಕೂತ ಹಾಗೆಯೇ ಕೂತಿದ್ದಾರೆ, ಪಕ್ಕದಲ್ಲಿ ನೀವೂ ಕೂರಬಹುದು. ಇಂಗ್ಲಿಷ್ ಅಧಿಕಾರಿ ಫೋರ್ಬ್ಸ್ ಸಾಹೇಬ ಗುಜರಾತಿ ಕಲಿತದ್ದು ಇವರಿಂದ. ಇವರ ನೆರವಿನಿಂದಲೇ ಆತ ಗುಜರಾತಿನ ಇತಿಹಾಸವನ್ನು 'ರಾಸಮಾಲಾ' ಎಂದು ಬರೆದ. ನಮಗೆ ಕಿಟ್ಟೆಲ್ ಇದ್ದ ಹಾಗೆ ಎಂದುಕೊಂಡೆ.

ಈ ಮನೆಗಳ ಬಗ್ಗೆ ಒಂದು ಕಟುವಾದ ಮಾತೂ ಇದೆ. ಅನೇಕ ಮನೆಗಳಿಗೆ ಬೀಗ. ಮಕ್ಕಳು ನದಿಯಾಚೆಯ ಫ್ಲ್ಯಾಟಿಗೋ ಪರದೇಶಕ್ಕೋ ಹೋದರು. ಊರಿನಲ್ಲಿರುವ ನಮ್ಮ ತೊಟ್ಟಿಮನೆಗಳ ಕಥೆಯೇ ಇದು. ಮನೆ ಬಿದ್ದರೆ, ಇಲ್ಲವೇ ಬೀಳಿಸಿದರೆ, ಕೆತ್ತನೆಯ ಕಂಬ, ಬೋದಿಗೆ, ಬಾಗಿಲುವಾಡಗಳು ಹಳೆಯ ಸಾಮಾನಿನ ಅಂಗಡಿ ಸೇರುತ್ತವೆ. "ಡ್ರಾಯಿಂಗ್ ರೂಮಿಗೆ ಚೆನ್ನಾಗಿರುತ್ತೆ" ಎಂದು ಕೈ ಹಾಕಬೇಡಿ, ದಯವಿಟ್ಟು. ಕೊಳ್ಳುವವರಿರುವವರೆಗೆ ಬಿಚ್ಚುವವರೂ ಇರುತ್ತಾರೆ. ಹಾಗೆಯೇ, ತೆರೆದ ಬಾಗಿಲು ಕಂಡರೆ ಒಳಗೆ ಫೋನು ಚಾಚಿ ಫೋಟೊ ತೆಗೆಯಬೇಡಿ. 'ಕೇಮ್ ಛೋ' ಎಂದು ಕೇಳಿ ನೋಡಿ, ಅವರೇ ಒಳಗೆ ಕರೆಯುತ್ತಾರೆ.

ಜಾಮಾ ಮಸೀದಿ 1424ರದು. 260 ಕಂಬಗಳ ಆ ಪ್ರಾರ್ಥನಾ ಮಂದಿರ, ಹಳದಿ ಕಲ್ಲು, ವಿಶಾಲ ಅಂಗಳ! 1819ರ ಭೂಕಂಪದಲ್ಲಿ ಮಿನಾರುಗಳ ಮೇಲ್ಭಾಗ ಉರುಳಿತು. ಶುಕ್ರವಾರ ಮಧ್ಯಾಹ್ನ ಮತ್ತು ನಮಾಜಿನ ಹೊತ್ತು ಬಿಟ್ಟು ಹೋಗಿ. ಸೆರಗೋ ದುಪಟ್ಟಾವೋ ತಲೆಗಿರಲಿ. ಎದುರುಗಡೆಯೇ ಅಹಮದ್ ಶಾಹನ ಗೋರಿ, ಅದರ ಒಳಕೋಣೆಗೆ ಹೆಂಗಸರಿಗೆ ಪ್ರವೇಶವಿಲ್ಲ. ಚೌಕದ ಇನ್ನೊಂದು ಬದಿಗೆ ಅವನ ಮನೆತನದ ರಾಣಿಯರ ಗೋರಿ, 'ರಾಣಿ ನೊ ಹಜೀರೊ'. ಅದರ ಸುತ್ತ ಏನಿದೆ ಬಲ್ಲಿರಾ? ಹೆಂಗಸರ ಬಟ್ಟೆ, ಬಳೆ, ಸರಗಳ ಪೇಟೆ! ರಾಣಿಯರು ನಮ್ಮನ್ನು ಕೈಬಿಟ್ಟಿಲ್ಲ.

ಇಲ್ಲಿಗೆ ಬಂದಾಗ ನಮ್ಮಿಬ್ಬರಲ್ಲಿ ತಕರಾರು ಹುಟ್ಟಿತು. "ನಿನ್ನ ಸೀರೆ ಅಂಗಡಿ ಮುಂದೆ ಚೀಲ ಹಿಡಿದು ನಿಲ್ಲುವ ಶಿಕ್ಷೆ ನನಗೆ ಯಾಕೆ ಮಾರಾಯ್ತಿ?" ಎಂದರು ನಮ್ಮವರು. "ನಿಮ್ಮ ಕೂಡ ಕಂಬ ಎಣಿಸೋದು ನನಗೂ ಬ್ಯಾಡ್ರಿ" ಎಂದೆ ನಾನು. (ಅವರದು ಉಡುಪಿ, ನನ್ನ ತವರು ಧಾರವಾಡ.) ಅಲ್ಲೇ ಒಂದು ಒಪ್ಪಂದವಾಯಿತು, ಇಂದಿಗೂ ಎಲ್ಲ ಊರುಗಳಲ್ಲೂ ಅದನ್ನೇ ಪಾಲಿಸುತ್ತೇವೆ: ದಿನಕ್ಕೆ ಎರಡು ಗಂಟೆ ಬೇರೆ ಬೇರೆ. ಅವರು ಮೂರು ಕಮಾನಿನ ಬಾಗಿಲಾದ ತೀನ್ ದರ್ವಾಜಾ, ಭದ್ರಕೋಟೆ ನೋಡಿಕೊಂಡು ಬರುತ್ತಾರೆ, ನಾನು ಪೇಟೆ. ಸಂಜೆ ಚಹಾದ ಮುಂದೆ ಕೂತರೆ ಅವರಿಗೂ ಹೇಳಲು ಸುದ್ದಿ, ನನಗೂ ಹೇಳಲು ಸುದ್ದಿ! ತೀನ್ ದರ್ವಾಜಾದಲ್ಲಿ ಒಂದು ಮುಸ್ಲಿಂ ಮನೆತನದವರು ತಲೆತಲಾಂತರದಿಂದ ಉರಿಸಿಕೊಂಡು ಬಂದ ದೀಪವಿದೆ. ಊರು ಬಿಟ್ಟು ಹೊರಟ ಲಕ್ಷ್ಮಿಯನ್ನು ಕಾವಲುಗಾರ ತಡೆದ, ತಾನು ಮರಳಿ ಬರುವವರೆಗೆ ಹೋಗಬಾರದೆಂದು ಮಾತು ತೆಗೆದುಕೊಂಡು, ತಿರುಗಿ ಬಾರದೆ ಪ್ರಾಣವನ್ನೇ ಬಿಟ್ಟ ಎಂಬುದು ಐತಿಹ್ಯ. ಈ ಕಥೆಯನ್ನು ನನಗೆ ತಂದು ಹೇಳಿದವರು ನಮ್ಮವರೇ. ಕರೆಂಟ್ ಬಿಲ್ಲಿನ ಮಾತು ಆ ಸಂಜೆ ಬರಲಿಲ್ಲ.

ಇನ್ನು ಖರೀದಿ. ಪಕ್ಕದ ಢಾಲಗರವಾಡ ಬಟ್ಟೆಯ ಪೇಟೆ. ಅಚ್ಚಿನ ಹತ್ತಿಬಟ್ಟೆ ಮೀಟರ್ ಲೆಕ್ಕದಲ್ಲಿ ಮುಂಬಯಿಗಿಂತ ಸೋವಿಯಾಗಿ ಸಿಕ್ಕಿತು. ಬಾಂಧಣಿ ಕೊಳ್ಳುವಾಗ ಹಿಂಬದಿ ತಿರುಗಿಸಿ ನೋಡಿ. ನಿಜವಾಗಿ ದಾರ ಕಟ್ಟಿ ಬಣ್ಣ ಹಾಕಿದ್ದರೆ ಚುಕ್ಕೆಗಳು ಎರಡೂ ಬದಿಗೆ ಕಾಣುತ್ತವೆ, ಒಂದರಂತೆ ಇನ್ನೊಂದಿರುವುದಿಲ್ಲ, ಬಟ್ಟೆ ಸಣ್ಣಗೆ ಉಬ್ಬಿ ಸುಕ್ಕುಸುಕ್ಕಾಗಿರುತ್ತದೆ. ಚುಕ್ಕೆಯೆಲ್ಲ ಅಳೆದಿಟ್ಟಂತೆ ಒಂದೇ ಸಮ ಇದ್ದರೆ ಅದು ಬರೀ ಛಾಪು. 'ಪಟೋಲಾ' ಎಂದು ಕೆಲವು ಸಾವಿರಕ್ಕೆ ತೋರಿಸುವುದು ಸಾಮಾನ್ಯವಾಗಿ ರಾಜಕೋಟೆಯ ನೇಯ್ಗೆ. ಹೊಕ್ಕಿನ ನೂಲಿಗೆ ಮಾತ್ರ ಕಟ್ಟಿ ಬಣ್ಣ ಹಾಕಿದ್ದು. ಪಾಟಣದ ಅಸಲಿ ಪಟೋಲಾಕ್ಕೆ ಹಾಸು, ಹೊಕ್ಕು ಎರಡನ್ನೂ ಕಟ್ಟಿ ಬಣ್ಣ ಹಾಕುತ್ತಾರೆ, ಒಂದು ಸೀರೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಬೆಲೆ ಲಕ್ಷದ ಮೇಲೆ. ರಾಜಕೋಟೆಯದು ಕೀಳೆಂದಲ್ಲ, ನಾನೂ ಉಡುತ್ತೇನೆ. ಆದರೆ ಯಾವುದಕ್ಕೆ ಹಣ ಕೊಡುತ್ತಿದ್ದೀರಿ ಎಂಬುದು ತಿಳಿದಿರಲಿ. ಗೋಡೆಗೆ ತೂಗುಹಾಕಲು ಏನಾದರೂ ಬೇಕೆಂದರೆ 'ಮಾತಾ ನೀ ಪಛೇಡಿ' ಕೊಳ್ಳಿ. ಗುಡಿಯೊಳಗೆ ಬಿಡದ ಜನ ಬಟ್ಟೆಯ ಮೇಲೆ ದೇವಿಯನ್ನು ಬರೆದು ಅದನ್ನೇ ಗುಡಿ ಮಾಡಿಕೊಂಡ ಕಲೆ ಅದು. ಕೆಂಪು, ಕಪ್ಪು ಎರಡೇ ಮುಖ್ಯ ಬಣ್ಣ. ಆ ಕಪ್ಪು ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕಿ ಮಾಡಿದ್ದು.

ರಾತ್ರಿ ಒಂಬತ್ತರ ಮೇಲೆ ಮತ್ತೆ ಮಾಣೆಕ್ ಚೌಕಕ್ಕೆ. ಇಲ್ಲಿಯ ಹೆಸರುವಾಸಿ ತಿಂಡಿ ಗ್ವಾಲಿಯರ್ ದೋಸೆ! ದೋಸೆಯ ಮೇಲೆ ಬೆಣ್ಣೆ, ದಪ್ಪ ಮೆಣಸಿನಕಾಯಿ, ಟೊಮೆಟೊ, ಪನೀರು, ಚೀಸು ಎಲ್ಲ ಸುರಿದು ಕಾವಲಿಯ ಮೇಲೇ ಅರೆಯುತ್ತಾರೆ. ಉಡುಪಿಯವರಾದ ನಮ್ಮವರು ಒಂದು ನಿಮಿಷ ಮೌನ ಆಚರಿಸಿ, ಆಮೇಲೆ ಇನ್ನರ್ಧ ಕೇಳಿದರು. ಹೊಟ್ಟೆ ಸೂಕ್ಷ್ಮವಿದ್ದವರು ಚಟ್ನಿ ಬಿಟ್ಟು, ಕಾವಲಿಯಿಂದ ನೇರ ಇಳಿದದ್ದನ್ನೇ ತಿನ್ನಿ. ಮಾಂಸಾಹಾರಿಗಳಿಗೆ ತೀನ್ ದರ್ವಾಜಾ ಬಳಿ ಭಟಿಯಾರ್ ಗಲ್ಲಿ ಇದೆ. ಲಾಲ್ ದರ್ವಾಜಾದ ಲಕ್ಕಿ ಹೋಟೆಲಿನಲ್ಲಿ ಮೇಜುಗಳ ನಡುನಡುವೆ ಹಳೆಯ ಗೋರಿಗಳು. ಸತ್ತವರ ಪಕ್ಕದಲ್ಲಿ ಕೂತು ಬನ್-ಮಸ್ಕಾ, ಚಹಾ. ಮಧ್ಯಾಹ್ನದ ಗುಜರಾತಿ ಥಾಲಿಯಲ್ಲಿ ಬೇಳೆ ಸಿಹಿ, ಮಜ್ಜಿಗೆಹುಳಿಯಂಥ ಕಢಿಯೂ ಸಿಹಿ. ಸಾರಿಗೆ ಬೆಲ್ಲ ಹಾಕುವ ಉಡುಪಿ ಕಡೆಯವರಿಗೆ ತವರಿಗೆ ಬಂದಂತಾಗುತ್ತದೆ. ಧಾರವಾಡದವರು ಶೇಂಗಾ ಚಟ್ನಿಪುಡಿಯ ಡಬ್ಬಿ ಪರ್ಸಿನಲ್ಲಿಟ್ಟುಕೊಳ್ಳಿ.

ಎರಡನೆಯ ದಿನ ಭಾನುವಾರವಾಗಿರಲಿ. ಬೆಳಿಗ್ಗೆ ಫಾಫಡಾ-ಜಿಲೇಬಿ, ಜೊತೆಗೆ ಹಸಿ ಪಪ್ಪಾಯಿಯ ಪಲ್ಯ. ಊರಿಗೆ ಊರೇ ಅದಕ್ಕೆ ಸಾಲು ನಿಂತಿರುತ್ತದೆ. ಸಿದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲಂಧ್ರ (1573) ಹತ್ತು ನಿಮಿಷದ ಮಾತು, ಆದರೆ ಬಿಡಬೇಡಿ. ಕಲ್ಲಿನಲ್ಲಿ ಮರ, ಅದಕ್ಕೆ ಹಬ್ಬಿದ ಬಳ್ಳಿ, ಕಸೂತಿಯಂತೆ. 1848ರ ಹಠೀಸಿಂಗ್ ಜೈನ ಮಂದಿರವನ್ನು ಗಂಡ ಸತ್ತ ಮೇಲೆ ನಿಂತು ಪೂರ್ತಿ ಮಾಡಿಸಿದವಳು ಹೆಂಡತಿ ಹರಕುಂವರ್ ಶೇಠಾಣಿ. ಗಾಂಧೀಜಿ 1930ರಲ್ಲಿ ದಂಡಿಗೆ ಹೊರಟ ಸಾಬರಮತಿ ಆಶ್ರಮದ ಬಗ್ಗೆ ನಾನೇನು ಹೇಳಲಿ, ನೀವೇ ಹೋಗಿ ಕೂತು ಬನ್ನಿ. ಕ್ಯಾಲಿಕೊ ಜವಳಿ ವಸ್ತುಸಂಗ್ರಹಾಲಯಕ್ಕೆ ಮುಂಗಡ ಕಾಯ್ದಿರಿಸದೆ ಹೋಗಿ ಫಲವಿಲ್ಲ.

ಹನ್ನೊಂದರ ಹೊತ್ತಿಗೆ 18 ಕಿಲೋಮೀಟರ್ ದೂರದ ಅಡಾಲಜದ ಮೆಟ್ಟಿಲುಬಾವಿಗೆ ಹೊರಡಿ. ನಡುಹಗಲಿಗೆ ಬೆಳಕು ಆಳದವರೆಗೆ ಇಳಿಯುತ್ತದೆ, ಹೊರಗೆ ಬಿಸಿಲಿದ್ದರೂ ಒಳಗೆ ತಂಪು. ಲಕ್ಕುಂಡಿಯ ಮುಸುಕಿನ ಬಾವಿ ಕಂಡವರಿಗೂ ಈ ಐದಂತಸ್ತಿನ ಬಾವಿ ಬೆರಗು ಹುಟ್ಟಿಸುತ್ತದೆ. ಸತ್ತ ಗಂಡನ ಹೆಸರಿನಲ್ಲಿ ರೂಡಾಬಾಯಿ ರಾಣಿ 1499ರಲ್ಲಿ ಪೂರ್ಣಗೊಳಿಸಿದ್ದಂತೆ.

ರಾಣಿಯ ಬಾವಿ ಎಂದಾಗ ನಿಮ್ಮ ಪರ್ಸು ತೆರೆದು ಹೊಸ ನೂರರ ನೋಟಿನ ಹಿಂಬದಿ ನೋಡಿ. ಅದು ಪಾಟಣದ 'ರಾಣಿ ಕೀ ವಾವ್', ಸೋಲಂಕಿ ರಾಜ ಭೀಮದೇವನ ರಾಣಿ ಉದಯಮತಿ ಹನ್ನೊಂದನೆಯ ಶತಮಾನದಲ್ಲಿ ಕಟ್ಟಿಸಿದ್ದು. ಅವಳ ಮಗ ಕರ್ಣ. ಅವನು ಸ್ಥಾಪಿಸಿದ ಕರ್ಣಾವತಿಯೇ ಇಂದಿನ ಅಹಮದಾಬಾದಿನ ಪೂರ್ವಜ. ಈ ಕರ್ಣನ ರಾಣಿ ಯಾರು? ಗೋವಾ ಕದಂಬರ ಜಯಕೇಶಿಯ ಮಗಳು ಮಯಣಲ್ಲೆ, ಗುಜರಾತಿಗಳ ಮೀನಲದೇವಿ. ನಮ್ಮ ಕಡೆಯ ಹೆಣ್ಣುಮಗಳು! ಕರ್ಣ ಅವಳ ಚಿತ್ರ ನೋಡಿ ಮೋಹಗೊಂಡ ಎಂದು ಹೇಮಚಂದ್ರ ಬರೆದರೆ, ರೂಪ ಸಾಲದೆಂದು ಆತ ಬೇಡವೆಂದಾಗ ಅತ್ತೆ ಉದಯಮತಿಯೇ ಪ್ರಾಣ ಬಿಡುತ್ತೇನೆಂದು ಹಟ ಹಿಡಿದು ಮದುವೆ ಮಾಡಿಸಿದಳು ಎಂದು ಮೇರುತುಂಗ ಬರೆಯುತ್ತಾನೆ. ನನಗೆ ಎರಡನೆಯದೇ ಹೆಚ್ಚು ನಂಬಿಕೆ. ಅಂಥ ಅತ್ತೆ ಸಿಗಬೇಕಲ್ಲ! ಮುಂದೆ ಇದೇ ಸೊಸೆ ಮಗ ಸಿದ್ಧರಾಜನಿಗೆ ಹೇಳಿ ಸೋಮನಾಥದ ಯಾತ್ರಿಕರ ಮೇಲಿನ ಸುಂಕ ತೆಗೆಸಿದಳೆಂದೂ ಅವನೇ ಹೇಳುತ್ತಾನೆ. ಪಾಟಣಕ್ಕೆ ಇನ್ನೊಂದು ದಿನ ಬೇಕು. ಇರುವವರು ಹೋಗಿ, ಬಾವಿಯನ್ನೂ ಪಟೋಲಾದ ಮಗ್ಗವನ್ನೂ ಒಟ್ಟಿಗೆ ನೋಡಬಹುದು.

ಮೂರರೊಳಗೆ ಊರಿಗೆ ಮರಳಿದರೆ ಎಲಿಸ್ ಬ್ರಿಡ್ಜ್ ಬಳಿ ನದಿದಂಡೆಯ ರವಿವಾರದ ಗುಜರಿ ಸಂತೆ ಇನ್ನೂ ಇರುತ್ತದೆ. ಹಿತ್ತಾಳೆ ಪಾತ್ರೆ, ಹಳೆಯ ಪುಸ್ತಕ. ಹೇಳಿದ ಬೆಲೆಯ ಅರ್ಧಕ್ಕೆ ಶುರುಮಾಡಿ. ಮನೆಗೆ ಖಾಖರಾ, ಗಾಠಿಯಾ, ಮುಖವಾಸ ಒಯ್ಯಿರಿ, ವಾರಗಟ್ಟಲೆ ಕೆಡುವುದಿಲ್ಲ. ಖಮಣ, ಹಾಂಡವೊ ಆ ರಾತ್ರಿಯ ರೈಲಿನ ಊಟಕ್ಕಷ್ಟೇ. ಅದಕ್ಕಾಗಿ ಹೊರಡುವಾಗ ಚಟ್ನಿಪುಡಿ ಡಬ್ಬಿಯ ಜೊತೆ ಒಂದು ಖಾಲಿ ಡಬ್ಬಿಯನ್ನೂ ಇಟ್ಟುಕೊಳ್ಳಿ, ಮುಚ್ಚಳ ಗಟ್ಟಿಯಿರುವಂಥದ್ದು.