ಲಘುವಿಮಾನದ ಬ್ಯಾಟರಿಗೊಂದು ಹೊರಬಾಗಿಲು

ಸ್ವಂತಕ್ಕೆ ಲಘುವಿಮಾನವನ್ನು ಇಟ್ಟುಕೊಂಡು ಹಾರಿಸುವ ಪದ್ಧತಿ ವಿಶೇಷವಾಗಿ ಬೆಳೆದಿರುವ ಅಮೆರಿಕದಲ್ಲಿ, ತಿಂಗಳಿಗೆ ಒಂದೆರಡು ಸಲ ಮಾತ್ರ ಹ್ಯಾಂಗರಿನಿಂದ ಹೊರಬರುವ ವಿಮಾನದ ಒಡೆಯನನ್ನು ಮತ್ತೆ ಮತ್ತೆ ಕಾಡತಕ್ಕ ತೊಂದರೆಯೆಂದರೆ ಬ್ಯಾಟರಿ ಬರಿದಾಗುವುದು. ಭಾರವಾದ ಈ ವಸ್ತುವನ್ನು ವಿನ್ಯಾಸಕಾರರು ವಿಮಾನದ ತೂಕದ ಸಮತೋಲನವನ್ನು ನೋಡಿ ಇಡುವರೇ ಹೊರತು ಒಡೆಯನ ಕೈಗೆ ಎಟುಕಲೆಂದು ಇಡುವುದಿಲ್ಲ. ಸೆಸ್ನಾ 172ರ ಹಲವು ಮಾದರಿಗಳಲ್ಲಿ ಅದು ಎಂಜಿನಿನ ಹೊದಿಕೆಯೊಳಗೆ ಅಡಗಿರುತ್ತದೆ. ಮನೆಯಲ್ಲೇ ಜೋಡಿಸಿಕೊಳ್ಳುವ ಆರ್‌ವಿ-10ರಲ್ಲಿ ಸಾಮಾನಿನ ಕೋಣೆಯ ಹಿಂಗೋಡೆಯ ಆಚೆಗಿರುತ್ತದೆ. ಅಲ್ಲಿಗೆ ಚಾರ್ಜರಿನ ತಂತಿಯನ್ನು ಮುಟ್ಟಿಸಲು ಪ್ರತಿಸಲವೂ ತಿರುಪುಗಳನ್ನು ಬಿಚ್ಚಬೇಕಾಗುವುದರಿಂದ, ಶ್ರದ್ಧಾವಂತನೂ ಆ ಕೆಲಸವನ್ನು ನಾಳೆಗೆ ತಳ್ಳುವುದು ಸ್ವಾಭಾವಿಕ.

ಈ ವಿಳಂಬವೇ ಬ್ಯಾಟರಿಗೆ ಮೃತ್ಯು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ನಿರ್ಮಿಸಿದ ಸೀಸ-ಆಮ್ಲ ಬ್ಯಾಟರಿಯ ತತ್ತ್ವವೇ ಬಹುಪಾಲು ಲಘುವಿಮಾನಗಳಲ್ಲಿ ಇಂದಿಗೂ ನಡೆದುಬಂದಿದೆ. 12 ವೋಲ್ಟಿನದೆಂದು ಕರೆಯುವ ಬ್ಯಾಟರಿಯಲ್ಲಿ ಆರು ಕೋಶಗಳಿದ್ದು, ಪೂರ್ಣವಾಗಿ ತುಂಬಿ ವಿಶ್ರಾಂತಿಯಲ್ಲಿರುವಾಗ ಅದು ಸುಮಾರು 12.6 ವೋಲ್ಟನ್ನು ತೋರುತ್ತದೆ. ಬಳಸದೆ ಇಟ್ಟಾಗಲೂ ಅದು ತಾನಾಗಿಯೇ ಮೆಲ್ಲಮೆಲ್ಲನೆ ಕ್ಷಯಿಸುವುದುಂಟು. ಆಗ ಫಲಕಗಳ ಮೇಲೆ ಕೂಡುವ ಸೀಸದ ಸಲ್ಫೇಟು, ಬೇಗನೆ ವಿದ್ಯುತ್ತನ್ನು ತುಂಬಿದರೆ ಪೂರ್ವರೂಪಕ್ಕೆ ಮರಳುವುದಾದರೂ, ವಾರಗಟ್ಟಲೆ ಹಾಗೆಯೇ ಬಿಟ್ಟಲ್ಲಿ ಗಟ್ಟಿಯಾದ ಹರಳುಗಳಾಗಿ ಬೆಳೆದು, ಆಮೇಲೆ ಎಷ್ಟು ತುಂಬಿದರೂ ಹೋದ ಧಾರಣಶಕ್ತಿ ಪೂರ್ತಿಯಾಗಿ ಹಿಂದಿರುಗುವುದಿಲ್ಲ.

ಪರಿಹಾರ ಸರಳವಾದುದು. ಬ್ಯಾಟರಿಯ ಎರಡು ತುದಿಗಳಿಂದ ಎರಡು ತೆಳು ತಂತಿಗಳನ್ನು ಎಳೆದು, ಎಂಜಿನ್ ಎಣ್ಣೆಯನ್ನು ನೋಡುವ ಪುಟ್ಟ ಬಾಗಿಲಿನ ಬಳಿಯೋ ಸಾಮಾನಿನ ಕೋಣೆಯಲ್ಲೋ ಮುಚ್ಚಳವುಳ್ಳ ಒಂದು ಸಾಕೆಟ್ಟಿಗೆ ಸೇರಿಸುವುದು. ಈ ತಂತಿಗಳು ಮಾಸ್ಟರ್ ಸ್ವಿಚ್ಚನ್ನು ಹಾಯದೆ ನೇರವಾಗಿ ಬ್ಯಾಟರಿಗೆ ಸೇರುವುದರಿಂದ ವಿಮಾನದ ಬೇರಾವ ಉಪಕರಣವೂ ಎಚ್ಚರಗೊಳ್ಳಬೇಕಾದುದಿಲ್ಲ. ಆದರೆ ಅದೇ ಕಾರಣದಿಂದ, ಸ್ವಿಚ್ಚನ್ನು ಆರಿಸಿದರೂ ಅವುಗಳಲ್ಲಿ ವಿದ್ಯುತ್ತು ಸದಾ ಇದ್ದೇ ಇರುತ್ತದೆ. ತಂತಿಯ ಹೊದಿಕೆ ಉಜ್ಜಿಹೋಗಿ ಲೋಹದ ಮೈಗೆ ತಗುಲಿದರೆ ಬೆಂಕಿಯೇ ಹೊತ್ತಬಹುದು. ಆದುದರಿಂದ ಫ್ಯೂಸನ್ನು ಸಾಕೆಟ್ಟಿನ ಬಳಿ ಹಾಕದೆ ಬ್ಯಾಟರಿಗೆ ಎಷ್ಟು ಸಮೀಪ ಸಾಧ್ಯವೋ ಅಷ್ಟು ಸಮೀಪದಲ್ಲೇ ಹಾಕತಕ್ಕದ್ದು. ಫ್ಯೂಸಿಗೂ ಬ್ಯಾಟರಿಗೂ ನಡುವಣ ತಂತಿಗೆ ರಕ್ಷಕರು ಯಾರೂ ಇಲ್ಲ. ಚಾರ್ಜರೂ ಬ್ಯಾಟರಿಯ ಜಾತಿಗೆ ಒಪ್ಪುವಂಥದಾಗಿರಬೇಕು. ತೂಕ ಕಡಿಮೆಯೆಂದು ಈಚೆಗೆ ಹಲವರು ಮೆಚ್ಚುವ ಲಿಥಿಯಂ ಬ್ಯಾಟರಿಗೆ ಸೀಸದ ಬ್ಯಾಟರಿಯ ಚಾರ್ಜರು ಸಲ್ಲದೆ ಹೋಗಬಹುದು.

ಹೊರಗಿನ ವಿದ್ಯುತ್ತಿನಿಂದ ಎಂಜಿನನ್ನು ಚಾಲೂ ಮಾಡುವ ವ್ಯವಸ್ಥೆಯನ್ನೂ ಇದರ ಜೊತೆಗೇ ಬಯಸುವವರು, ಎರಡೂ ಒಂದೇ ಎಂದು ಭ್ರಮಿಸಬಾರದು. ಚಾರ್ಜಿಗೆ ಕೆಲವೇ ಆಂಪಿಯರ್ ಸಾಕು. ಸ್ಟಾರ್ಟರ್ ಮೋಟಾರು ತಿರುಗತೊಡಗುವ ಕ್ಷಣದಲ್ಲಿ ಅದು ನೂರಾರು ಆಂಪಿಯರುಗಳನ್ನು ಸೆಳೆಯುತ್ತದೆ. ಅದಕ್ಕೆ ದಪ್ಪ ತಾಮ್ರದ ಕೇಬಲು, ಪ್ರತ್ಯೇಕ ಸಾಕೆಟ್ಟು, ಪ್ರತ್ಯೇಕ ಕಾಂಟ್ಯಾಕ್ಟರು, ಅಂದರೆ ಭಾರಿ ಪ್ರವಾಹವನ್ನು ಕೂಡಿಸಿ ಕಡಿಯುವ ಸ್ವಿಚ್ಚು, ಬೇಕು. ಸೆಸ್ನಾ ವಿಮಾನಗಳಲ್ಲಿ ಕಾಣುವ ಮೂರು ಕಡ್ಡಿಗಳ ಸಾಕೆಟ್ಟು ಈ ವಿಷಯದಲ್ಲಿ ಬಹು ವಿವೇಕದ ರಚನೆ: ಎರಡು ದಪ್ಪ ಕಡ್ಡಿಗಳು ಪ್ಲಗ್ಗಿನೊಳಗೆ ಭದ್ರವಾಗಿ ಕುಳಿತ ಮೇಲೆಯೇ ಮೂರನೆಯ ಗಿಡ್ಡ ಕಡ್ಡಿ ತಗುಲಿ ಕಾಂಟ್ಯಾಕ್ಟರನ್ನು ಮುಚ್ಚುತ್ತದೆ, ಕೀಳುವಾಗ ಅದೇ ಮೊದಲು ಬಿಟ್ಟುಕೊಂಡು ಪ್ರವಾಹವನ್ನು ಕಡಿಯುವುದರಿಂದ ಕಡ್ಡಿಗಳ ತುದಿಯಲ್ಲಿ ಕಿಡಿ ಹಾರುವುದಿಲ್ಲ. ವೋಲ್ಟೇಜಿನ ಎಚ್ಚರವೂ ಅಗತ್ಯ. 172ರ ಹಳೆಯ ಮಾದರಿಗಳಲ್ಲಿ 12 ವೋಲ್ಟಿನ ಬ್ಯಾಟರಿಯಿದ್ದು, 1978ರ ಮಾದರಿಯಿಂದ 24 ವೋಲ್ಟಿನದು ಬಂದಿತು. ಹೊರನೋಟಕ್ಕೆ ಒಂದೇ ಆಗಿರುವ ಎರಡು ವಿಮಾನಗಳಲ್ಲಿ ಒಂದಕ್ಕೆ ಹಿತವಾದುದು ಇನ್ನೊಂದರ ರೇಡಿಯೋಗಳನ್ನು ಸುಟ್ಟುಹಾಕೀತು.

ಹೀಗೆ ಹೊರಗಿನ ವಿದ್ಯುತ್ತಿನಿಂದ ಚಾಲೂ ಆದ ಎಂಜಿನು ಹಾರಾಟಕ್ಕೆ ಅನುಮತಿಯಲ್ಲ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಸಾಂಪ್ರದಾಯಿಕ ಎಂಜಿನಿನಲ್ಲಿ ಕಿಡಿಯನ್ನು ಮ್ಯಾಗ್ನೆಟೋಗಳೇ ಒದಗಿಸುವುದರಿಂದ ಬ್ಯಾಟರಿ ಸತ್ತಿದ್ದರೂ ಪ್ರೊಪೆಲ್ಲರು ತಿರುಗುತ್ತಲೇ ಇರುವುದು ನಿಜ. ಆದರೆ ಆಕಾಶದಲ್ಲಿ ವಿದ್ಯುತ್ತನ್ನು ಉತ್ಪಾದಿಸುವ ಆಲ್ಟರ್ನೇಟರು ಕೆಟ್ಟರೆ ರೇಡಿಯೋವನ್ನೂ ದೀಪಗಳನ್ನೂ ಉಪಕರಣಗಳನ್ನೂ ಕಾಪಾಡಬೇಕಾದುದು ಆ ಬ್ಯಾಟರಿಯೇ. ವಿದ್ಯುನ್ಮಾನ ಇಗ್ನಿಷನ್ನನ್ನು ಅವಲಂಬಿಸಿದ ಎಂಜಿನುಗಳಲ್ಲಿಯಂತೂ ಅಪಾಯ ಎಂಜಿನಿಗೇ ತಟ್ಟುತ್ತದೆ. ಎಂಜಿನು ಓಡುತ್ತಿರುವಾಗ ಕೇಬಲನ್ನು ಕೀಳಲು ಬರುವವನು ಪ್ರೊಪೆಲ್ಲರಿನ ಸಮೀಪಕ್ಕೆ ಬಾರದಂತೆ ಸಾಕೆಟ್ಟಿನ ಸ್ಥಾನವನ್ನು ಆರಿಸಿಕೊಳ್ಳುವುದು ಇನ್ನೊಂದು ಮುಖ್ಯ ಸಂಗತಿ.

ಅಮೆರಿಕದಲ್ಲಿ ಸ್ವತಃ ಕಟ್ಟಿದ ವಿಮಾನಕ್ಕೆ ಇಂಥ ಮಾರ್ಪಾಟನ್ನು ಒಡೆಯನೇ ಮಾಡಿಕೊಳ್ಳಬಹುದು. ಕಾರ್ಖಾನೆಯಲ್ಲಿ ತಯಾರಾಗಿ ಪ್ರಮಾಣಪತ್ರ ಪಡೆದ ವಿಮಾನಕ್ಕಾದರೆ ಅಧಿಕೃತ ಮೆಕ್ಯಾನಿಕನ ಒಪ್ಪಿಗೆಯೂ ದಾಖಲೆ ಪುಸ್ತಕದಲ್ಲಿ ನಮೂದೂ ಬೇಕು. ಚಾರ್ಜಿನ ಸಾಕೆಟ್ಟು, ಎಂಜಿನನ್ನು ಚಾಲೂ ಮಾಡುವ ಸಾಕೆಟ್ಟು ಈ ಎರಡರಲ್ಲಿ ಒಂದಕ್ಕೆ ಮಾತ್ರ ಹಣವೂ ತೂಕವೂ ಒದಗುವುದಾದರೆ, ಒಡೆಯನು ಚಾರ್ಜಿನ ಸಾಕೆಟ್ಟನ್ನೇ ಆರಿಸಿಕೊಳ್ಳಲಿ. ಅದನ್ನು ತಪ್ಪದೆ ಬಳಸುವವನಿಗೆ ಇನ್ನೊಂದರ ಅಗತ್ಯ ಬೀಳುವುದು ಅಪರೂಪ.