ಚಲಚ್ಚಿತ್ರದ ಭೂಕಂಪ ಮತ್ತು ಸುನಾಮಿ: ಒಂದು ವೈಜ್ಞಾನಿಕ ವಿವೇಚನೆ

ಭೂವಿಜ್ಞಾನವನ್ನೋ ಭೂಗೋಳವನ್ನೋ ಬೋಧಿಸುವ ಅಧ್ಯಾಪಕರಿಗೆ ಒಂದು ಅನುಭವ ಸಾಮಾನ್ಯವಾದುದು. ತರಗತಿಯಲ್ಲಿ ಭೂಕಂಪದ ಮಾತೆತ್ತಿದೊಡನೆ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ ಪಠ್ಯಪುಸ್ತಕದಿಂದ ಹುಟ್ಟಿದ್ದಲ್ಲ, ಬೆಳ್ಳಿತೆರೆಯ ಮೇಲೆ ಕಂಡ ದೃಶ್ಯದಿಂದ ಹುಟ್ಟಿದ್ದು. ಇದರಲ್ಲಿ ಆಶ್ಚರ್ಯವಿಲ್ಲ. ಪ್ರಬಲವಾದ ಭೂಕಂಪವನ್ನಾಗಲಿ ಸುನಾಮಿಯನ್ನಾಗಲಿ ಸ್ವತಃ ಕಂಡವರು ನಮ್ಮಲ್ಲಿ ಬಹಳ ಕಡಮೆ. ಉಳಿದವರ ಮನಸ್ಸಿನಲ್ಲಿ ಇವುಗಳ ರೂಪವನ್ನು ಮೂಡಿಸಿರುವುದು ಚಲಚ್ಚಿತ್ರವೇ. ಆ ರೂಪ ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸುವುದು ಇಲ್ಲಿನ ಉದ್ದೇಶ. ಚಿತ್ರಗಳು ಗಾತ್ರದಲ್ಲಿ ಮಾಡುವ ಅತಿಶಯೋಕ್ತಿಯನ್ನು ಕಾವ್ಯದ ಅತಿಶಯೋಕ್ತಿಯಂತೆ ಕ್ಷಮಿಸಬಹುದು. ಕಾಲದ ವಿಷಯದಲ್ಲಿ, ಎಂದರೆ ಯಾವುದು ಮೊದಲು, ಯಾವುದು ಅನಂತರ, ಯಾವುದನ್ನು ಮುಂದಾಗಿ ತಿಳಿಯಬಹುದು ಎಂಬ ವಿಷಯದಲ್ಲಿ ಅವು ಮಾಡುವ ತಪ್ಪು ಅಷ್ಟು ನಿರಪಾಯಕರವಾದುದಲ್ಲ.

ಮೊದಲು ಗಾತ್ರದ ಮಾತು. ೨೦೧೫ರಲ್ಲಿ ತೆರೆಕಂಡ 'ಸ್ಯಾನ್ ಆಂಡ್ರಿಯಾಸ್' ಎಂಬ ಅಮೆರಿಕದ ಚಿತ್ರದಲ್ಲಿ ಕ್ಯಾಲಿಫೋರ್ನಿಯದ ಅದೇ ಹೆಸರಿನ ಸ್ತರಭಂಗ ಜಾರಿ ಲಾಸ್ ಏಂಜಲೀಸಿನಲ್ಲಿ ೯.೧ ಪರಿಮಾಣದ, ಅನಂತರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ೯.೬ ಪರಿಮಾಣದ ಭೂಕಂಪ ಸಂಭವಿಸುತ್ತದೆ. ಉಪಕರಣಗಳಲ್ಲಿ ದಾಖಲಾದ ಅತ್ಯಂತ ದೊಡ್ಡ ಭೂಕಂಪವಾದ ೧೯೬೦ರ ಚಿಲಿ ಭೂಕಂಪದ ಪರಿಮಾಣವೇ ೯.೫. ಭೂಕಂಪದ ಪರಿಮಾಣವು ಮುಖ್ಯವಾಗಿ ಎಷ್ಟು ವಿಸ್ತಾರವಾದ ಶಿಲಾಮುಖ ಎಷ್ಟು ದೂರ ಜಾರಿತೆಂಬುದನ್ನು ಅವಲಂಬಿಸಿದೆ. ಚಿಲಿಯಲ್ಲಿ ಒಂದು ಭೂಫಲಕ ಇನ್ನೊಂದರ ಕೆಳಗೆ ಓರೆಯಾಗಿ ಇಳಿಯುವುದರಿಂದ ಜಾರಿದ ಮುಖ ಸುಮಾರು ೧,೦೦೦ ಕಿಲೋಮೀಟರ್ ಉದ್ದವೂ ೨೦೦ ಕಿಲೋಮೀಟರಿನಷ್ಟು ಅಗಲವೂ ಆಗಿತ್ತು. ಸ್ಯಾನ್ ಆಂಡ್ರಿಯಾಸ್ ಉದ್ದದಲ್ಲಿ ಕಡಮೆಯದಲ್ಲ. ಆದರೆ ಅದು ನೆಟ್ಟಗೆ ಕೆಳಗಿಳಿದ ಸೀಳು. ಸುಮಾರು ೧೫ ಕಿಲೋಮೀಟರ್ ಆಳದ ಕೆಳಗೆ ಅಲ್ಲಿನ ಶಿಲೆ ಬಿಸಿಯಿಂದ ಮೆದುವಾಗಿ, ಮುರಿಯುವ ಬದಲು ಮೆಲ್ಲನೆ ಹರಿಯುತ್ತದೆ. ಆದಕಾರಣ ಅಲ್ಲಿ ಸಂಭವಿಸಬಹುದಾದ ಗರಿಷ್ಠ ಪರಿಮಾಣ ಸುಮಾರು ೮.೩ ಎಂದು ವಿಜ್ಞಾನಿಗಳು ಎಣಿಸಿದ್ದಾರೆ. ೧೯೦೬ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ನಾಶಮಾಡಿದ ಭೂಕಂಪದ ಪರಿಮಾಣ ಸುಮಾರು ೭.೯. ಪರಿಮಾಣದಲ್ಲಿ ಒಂದು ಅಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು ೩೨ ಮಡಿ ಹೆಚ್ಚುವುದರಿಂದ, ಚಿತ್ರದ ಭೂಕಂಪ ಆ ದುರಂತಕ್ಕಿಂತ ೩೫೦ ಮಡಿ ಶಕ್ತಿಯುಳ್ಳದ್ದಾಗುತ್ತದೆ.

ಇದೇ ಚಿತ್ರದಲ್ಲಿ ಬಯಲಿನ ನಡುವೆ ನೆಲ ಬಿರಿದು ಕಣಿವೆಯಂತಹ ಕಂದರವಾಗುವ ದೃಶ್ಯವಿದೆ. ಭೂಮಿ ಬಾಯ್ದೆರೆದು ನುಂಗುವ ಕಲ್ಪನೆ ಸೀತಾದೇವಿಯ ಕಥೆಯನ್ನು ಕೇಳಿ ಬೆಳೆದ ನಮಗೆ ಹೊಸದಲ್ಲ. ಆದರೆ ಸ್ತರಭಂಗದ ಇಕ್ಕೆಲಗಳು ಒಂದನ್ನೊಂದು ಒತ್ತಿ ಹಿಡಿದಿರುವಾಗ ಆ ಘರ್ಷಣೆಯನ್ನು ಮೀರಿ ಜಾರುವುದೇ ಭೂಕಂಪ. ನಡುವೆ ಕಂದರವಿದ್ದರೆ ಘರ್ಷಣೆಯಿಲ್ಲ; ಘರ್ಷಣೆಯಿಲ್ಲದೆ ಭೂಕಂಪವೂ ಇಲ್ಲ. ಮಣ್ಣು ಕುಸಿದು ಬಿರುಕುಗಳಾಗುವುದುಂಟು, ಅವು ಆಳವಾದವಲ್ಲ. ೧೯೦೬ರಲ್ಲಿ ಓಲೆಮಾ ಎಂಬ ಊರಿನ ಬಳಿ ಬಿರುಕೊಂದು ಹಸುವನ್ನು ನುಂಗಿತೆಂಬ ಸುದ್ದಿ ವೈಜ್ಞಾನಿಕ ವರದಿಯನ್ನೂ ಸೇರಿತ್ತು. ಮೊದಲೇ ಸತ್ತಿದ್ದ ಹಸುವನ್ನು ಹೂಳುವ ಶ್ರಮವನ್ನು ಆ ಬಿರುಕು ಉಳಿಸಿತಷ್ಟೆ ಎಂಬ ವಿವರಣೆ ಆಮೇಲೆ ಬಂದಿತು! ಕಂದರದ ಆಕರ್ಷಣೆ ಚಲಚ್ಚಿತ್ರದಿಂದ ಆರಂಭವಾದುದಲ್ಲ.

ಚಿತ್ರದ ಕೊನೆಯ ಭಾಗದಲ್ಲಿ ಗೋಲ್ಡನ್ ಗೇಟ್ ಸೇತುವೆಯನ್ನೂ ಮೀರಿದ ಸುನಾಮಿ ಬರುತ್ತದೆ. ಸುನಾಮಿ ಹುಟ್ಟಬೇಕಾದರೆ ಕಡಲತಳ ಮೇಲೇಳಬೇಕು ಅಥವಾ ಕುಸಿಯಬೇಕು. ಮೇಲಿನ ನೀರಿನ ಕಂಬವೆಲ್ಲ ಅದರೊಡನೆ ಸ್ಥಾನಪಲ್ಲಟವಾಗಬೇಕು. ಸ್ಯಾನ್ ಆಂಡ್ರಿಯಾಸಿನ ಇಕ್ಕೆಲಗಳು ಅಡ್ಡಡ್ಡಲಾಗಿ ಸರಿಯುತ್ತವೆ. ಅದರ ಬಹುಭಾಗ ಇರುವುದೂ ನೆಲದ ಮೇಲೆ. ೧೯೦೬ರಲ್ಲಿ ಆ ಸೇತುವೆಯಿರುವ ಜಲಸಂಧಿಯ ಬಳಿಯ ಉಬ್ಬರವಿಳಿತಮಾಪಕವು ದಾಖಲಿಸಿದ ಏರುಪೇರು ಸುಮಾರು ೧೦ ಸೆಂಟಿಮೀಟರ್ ಮಾತ್ರ. ಕ್ಯಾಲಿಫೋರ್ನಿಯಕ್ಕೆ ಸುನಾಮಿಯ ಭಯವಿಲ್ಲವೆಂದು ಇದರ ಅರ್ಥವಲ್ಲ. ಭಯ ಬರುವುದು ದೂರದಿಂದ. ೧೯೬೪ರ ಅಲಾಸ್ಕ ಭೂಕಂಪದ (೯.೨) ಅಲೆಗಳು ಕೆಲವು ಗಂಟೆಗಳ ಪ್ರಯಾಣದ ಬಳಿಕ ಉತ್ತರ ಕ್ಯಾಲಿಫೋರ್ನಿಯದ ಕ್ರೆಸೆಂಟ್ ಸಿಟಿಯನ್ನು ಹೊಕ್ಕವು. ಮೊದಲ ಅಲೆಗಳು ಇಳಿದಮೇಲೆ ಅಪಾಯ ಕಳೆಯಿತೆಂದು ತಗ್ಗಿನ ಪ್ರದೇಶಕ್ಕೆ ಹಿಂದಿರುಗಿದ ಕೆಲವರು ನಾಲ್ಕನೆಯ ಅಲೆಗೆ ಬಲಿಯಾದರು. ಆ ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಇಂತಹ ದೃಶ್ಯ ಚಿತ್ರಗಳಲ್ಲಿ ವಿರಳ. ಅಲ್ಲಿ ಅಲೆ ಒಂದೇ. ಅದು ಬಂದುಹೋದರೆ ಕಥೆ ಮುಗಿಯಿತು.

ಅಲೆಯ ಆಕಾರಕ್ಕೆ ಬರೋಣ. ಸುನಾಮಿಯ ತರಂಗದೂರ, ಎಂದರೆ ಒಂದು ಶಿಖರದಿಂದ ಮುಂದಿನ ಶಿಖರದ ಅಂತರ, ಕಡಲಿನ ಆಳಕ್ಕಿಂತ ಬಹುಪಾಲು ಹೆಚ್ಚು. ಇಂತಹ ಅಲೆಯ ವೇಗವು ಗುರುತ್ವವೇಗೋತ್ಕರ್ಷವನ್ನು ಆಳದಿಂದ ಗುಣಿಸಿ ವರ್ಗಮೂಲ ತೆಗೆದರೆ ದೊರೆಯುತ್ತದೆ. ಆಳ ೪,೦೦೦ ಮೀಟರ್ ಇದ್ದಲ್ಲಿ ವೇಗ ಗಂಟೆಗೆ ಸುಮಾರು ೭೧೦ ಕಿಲೋಮೀಟರ್. ೧೦ ಮೀಟರ್ ಇದ್ದಲ್ಲಿ ಸುಮಾರು ೩೬. ಇಪ್ಪತ್ತು ನಿಮಿಷಕ್ಕೊಂದು ಶಿಖರ ಬರುವುದಾದರೆ ತೆರೆದ ಸಾಗರದಲ್ಲಿ ತರಂಗದೂರ ೨೩೦ ಕಿಲೋಮೀಟರನ್ನು ಮೀರುತ್ತದೆ. ೨೦೦೪ರ ಡಿಸೆಂಬರ್ ೨೬ರಂದು ಸುಮಾತ್ರ ಭೂಕಂಪವಾಗಿ ಎರಡು ಗಂಟೆಗಳಾದಮೇಲೆ ಹಿಂದೂ ಮಹಾಸಾಗರದ ಮೇಲೆ ಹಾದುಹೋದ ಜೇಸನ್-೧ ಉಪಗ್ರಹ ಅಳೆದ ಅಲೆಯ ಎತ್ತರ ಸುಮಾರು ೬೦ ಸೆಂಟಿಮೀಟರ್. ಅದರ ಮೇಲಿದ್ದ ಹಡಗಿಗೆ ಅದು ತಿಳಿಯುವಂತೆಯೇ ಇಲ್ಲ. ೧೯೭೨ರ 'ದಿ ಪೊಸೈಡನ್ ಅಡ್ವೆಂಚರ್' ಚಿತ್ರದಲ್ಲಾದರೋ ಕಡಲತಳದ ಭೂಕಂಪದಿಂದೆದ್ದ ಅಲೆಯು ನಡುಗಡಲಿನಲ್ಲಿ ಮಹಾನೌಕೆಯನ್ನೇ ಬುಡಮೇಲು ಮಾಡುತ್ತದೆ. ೨೦೦೬ರಲ್ಲಿ ಅದೇ ಕಥೆಯನ್ನು ಮತ್ತೆ ಚಿತ್ರಿಸಿದವರು ಭೂಕಂಪವನ್ನು ಬಿಟ್ಟು, ಸಾಗರದಲ್ಲಿ ಅಕಸ್ಮಾತ್ತಾಗಿ ಏಳುವ ಒಂಟಿ ದೈತ್ಯಾಲೆಯನ್ನು ತಂದರು. ಇದು ಮೆಚ್ಚಬೇಕಾದ ತಿದ್ದುಪಡಿ.

ಸುನಾಮಿ ದಡಕ್ಕೆ ಬಂದಾಗಲೂ ಸಾಮಾನ್ಯವಾಗಿ ಬಾಗಿ ಮುರಿಯುವ ಗೋಡೆಯಾಗಿರುವುದಿಲ್ಲ. ಕಡಲಿನ ಮಟ್ಟವೇ ಏರಿ ನೆಲದೊಳಕ್ಕೆ ನುಗ್ಗಿ, ಹತ್ತಾರು ನಿಮಿಷ ಹರಿಯುತ್ತಲೇ ಇರುತ್ತದೆ. ೨೦೧೧ರ ಮಾರ್ಚ್ ೧೧ರಂದು ಜಪಾನಿನ ಸೆಂದಾಯ್ ಬಯಲಿನಲ್ಲಿ ಅದು ಕಪ್ಪು ಕೆಸರಿನ ಅಂಚಾಗಿ ಮನೆಗಳನ್ನೂ ವಾಹನಗಳನ್ನೂ ಹೊತ್ತು ಐದು ಕಿಲೋಮೀಟರಿನಷ್ಟು ಒಳಕ್ಕೆ ಹರಿದುದನ್ನು ಜಗತ್ತೆಲ್ಲ ನೋಡಿತು. ಥಾಯ್ಲೆಂಡಿನ ೨೦೦೪ರ ಅನುಭವವನ್ನು ಆಧರಿಸಿದ 'ದಿ ಇಂಪಾಸಿಬಲ್' (೨೦೧೨) ಚಿತ್ರವು ಇಲ್ಲಿ ಪ್ರಶಂಸೆಗೆ ಪಾತ್ರವಾಗಿದೆ. ಅದರಲ್ಲಿ ಜನರನ್ನು ಕೊಲ್ಲುವುದು ನೀರಿನ ಎತ್ತರಕ್ಕಿಂತ ಹೆಚ್ಚಾಗಿ ನೀರಿನೊಳಗಿನ ಮರ, ತಗಡು, ಗಾಜು. ನಾರ್ವೆಯ 'ಬೋಲ್ಗೆನ್' (೨೦೧೫) ಚಿತ್ರದಲ್ಲಿ ಗೋಡೆಯಂತಹ ಅಲೆ ಇದೆ, ಅದು ತಪ್ಪಲ್ಲ. ಬೆಟ್ಟ ಕುಸಿದು ಇಕ್ಕಟ್ಟಾದ ಕಡಲತೋಳಿಗೆ ಬಿದ್ದಾಗ ಅಂತಹ ಅಲೆ ಏಳಬಲ್ಲದು. ೧೯೩೪ರಲ್ಲಿ ಅದೇ ದೇಶದ ತಾಫ್ಯೋರ್ದಿನಲ್ಲಿ ಹೀಗಾಗಿ ೪೦ ಮಂದಿ ಮಡಿದರು.

ಇನ್ನು ಕಾಲದ ತಪ್ಪು. ಸಮುದ್ರ ಹಿಂದೆ ಸರಿದರೆ ಸುನಾಮಿ ಬರುತ್ತದೆಂಬುದನ್ನು ಚಿತ್ರಗಳು ಈಗ ಜನರಿಗೆ ಕಲಿಸಿವೆ. ಇದು ಅರ್ಧಸತ್ಯ. ಸುಮಾತ್ರದ ಬಳಿ ಜಾರಿದ ಮುಖದ ಪಶ್ಚಿಮದಂಚಿನಲ್ಲಿ ಕಡಲತಳ ಮೇಲೆದ್ದಿತು, ಪೂರ್ವದಲ್ಲಿ ಕುಸಿಯಿತು. ಆದ್ದರಿಂದ ಪೂರ್ವಕ್ಕಿದ್ದ ಥಾಯ್ಲೆಂಡಿಗೆ ಅಲೆಯ ತಗ್ಗು ಮೊದಲು ಬಂದು ಕಡಲು ಹಿಂಜರಿಯಿತು. ಪಶ್ಚಿಮಕ್ಕಿದ್ದ ಭಾರತ ಮತ್ತು ಶ್ರೀಲಂಕೆಗಳಿಗೆ ಬಂದುದು ಮೊದಲು ಉಬ್ಬು. ನಮ್ಮ ಪೂರ್ವ ಕರಾವಳಿಯಲ್ಲಿ ಕಡಲು ಹಿಂಜರಿದುದು ಒಂದು ಉಬ್ಬು ಬಂದುಹೋದ ಮೇಲೆ. ಕಡಲಿನ ಹಿಂಜರಿತಕ್ಕಾಗಿ ಕಾದು ನಿಲ್ಲುವವನಿಗೆ ಮೊದಲ ಅಲೆಯೇ ಮುನ್ಸೂಚನೆಯಾದೀತು.

ಇದಕ್ಕಿಂತಲೂ ದೊಡ್ಡ ತಲೆಕೆಳಗು ಇನ್ನೊಂದಿದೆ. 'ಸ್ಯಾನ್ ಆಂಡ್ರಿಯಾಸ್' ಚಿತ್ರದ ಪ್ರಾಧ್ಯಾಪಕರು ಆಯಸ್ಕಾಂತೀಯ ಸ್ಪಂದನಗಳನ್ನು ನೋಡಿ ಭೂಕಂಪವನ್ನು ಮುಂದಾಗಿ ಹೇಳುತ್ತಾರೆ. (ಕಂಪಿಸತೊಡಗಿದಾಗ ಮೇಜಿನ ಕೆಳಗೆ ಸೇರಿರೆಂದು ವಿದ್ಯಾರ್ಥಿಗಳಿಗೆ ಅವರು ಕೊಡುವ ಸಲಹೆ ಮಾತ್ರ ಸರಿಯಾದುದೇ.) ಸುನಾಮಿಯಾದರೋ ಯಾರಿಗೂ ತಿಳಿಯದಂತೆ ಎರಗುತ್ತದೆ. ವಾಸ್ತವ ಇದಕ್ಕೆ ತೀರ ವಿರುದ್ಧ. ಭೂಕಂಪದ ದಿನವನ್ನೂ ಗಳಿಗೆಯನ್ನೂ ಹೇಳುವ ವಿಶ್ವಾಸಾರ್ಹವಾದ ವಿಧಾನ ಇಂದಿಗೂ ಇಲ್ಲ. ೧೯೭೫ರಲ್ಲಿ ಚೀನದ ಹೈಚೆಂಗಿನಲ್ಲಿ ಪೂರ್ವಕಂಪನಗಳ ನೆರವಿನಿಂದ ಜನರನ್ನು ಮೊದಲೇ ತೆರವುಗೊಳಿಸಿದ್ದುಂಟು. ಮರುವರ್ಷ ತಾಂಗ್‌ಶಾನಿನಲ್ಲಿ ಅಂತಹ ಎಚ್ಚರಿಕೆಯೇ ದೊರೆಯದೆ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಸುನಾಮಿಯಾದರೆ, ಭೂಕಂಪದ ಸ್ಥಾನ ತಿಳಿದೊಡನೆ ಮೇಲಿನ ಸೂತ್ರದಿಂದ ಅದು ಯಾವ ರೇವನ್ನು ಎಷ್ಟು ಹೊತ್ತಿಗೆ ಮುಟ್ಟುವುದೆಂದು ಗುಣಿಸಬಹುದು. ೨೦೦೪ರಲ್ಲಿ ಮದರಾಸಿನ ತೀರಕ್ಕೆ ಅಲೆ ಬಂದುದು ಭೂಕಂಪವಾಗಿ ಎರಡು ಗಂಟೆಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಆ ಎರಡು ಗಂಟೆಗಳಲ್ಲಿ ತಿಳಿಸುವವರೂ ಇರಲಿಲ್ಲ, ತಿಳಿಸುವ ವ್ಯವಸ್ಥೆಯೂ ಇರಲಿಲ್ಲ. ಹೈದರಾಬಾದಿನ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಕಾರ್ಯಾರಂಭ ಮಾಡಿದುದು ೨೦೦೭ರಲ್ಲಿ. ಎರಡು ಗಂಟೆಗಳ ನಿಶ್ಶಬ್ದವಾದ ನಿರೀಕ್ಷೆಯನ್ನು ತೋರಿಸುವ ತಾಳ್ಮೆ ಚಲಚ್ಚಿತ್ರಕ್ಕಿಲ್ಲ. ಆದರೆ ಜೀವಗಳು ಉಳಿಯುವುದೂ ಅಳಿಯುವುದೂ ಆ ಅವಧಿಯಲ್ಲಿಯೇ.

ಅರಬ್ಬೀ ಸಮುದ್ರದಲ್ಲಿಯೂ ಸುನಾಮಿ ಆದುದುಂಟು. ೧೯೪೫ರ ನವೆಂಬರ್ ೨೮ರಂದು ಮಕರಾನ್ ತೀರದಲ್ಲಿ ಸಂಭವಿಸಿದ ಸುಮಾರು ೮.೧ ಪರಿಮಾಣದ ಭೂಕಂಪದ ಅಲೆಗಳು ಮುಂಬಯಿಯವರೆಗೂ ಬಂದಿದ್ದವು. ತರಗತಿಯಲ್ಲಿ ಇದನ್ನೇ ಒಂದು ಲೆಕ್ಕವಾಗಿ ಕೊಡಬಹುದು. ಮಕರಾನಿನಿಂದ ಕಾರವಾರಕ್ಕೆ ನೇರ ದೂರ ಸುಮಾರು ೧,೬೦೦ ಕಿಲೋಮೀಟರ್. ನಡುವಣ ಸಮುದ್ರದ ಆಳವನ್ನು ೩,೦೦೦ ಮೀಟರ್ ಎಂದು ಹಿಡಿದರೆ ಅಲೆಯ ವೇಗ ಗಂಟೆಗೆ ಸುಮಾರು ೬೧೫ ಕಿಲೋಮೀಟರ್. ಎಂದರೆ ಎರಡೂವರೆ ಗಂಟೆಗಿಂತ ಮೊದಲು ಅದು ಬರಲಾರದು. ತೀರದ ಸಮೀಪದ ತಗ್ಗುನೀರಿನಲ್ಲಿ ಅಲೆ ನಿಧಾನಿಸುವುದರಿಂದ ಇನ್ನೂ ಎಷ್ಟು ಹೊತ್ತು ಹಿಡಿಯುವುದೆಂಬುದನ್ನು, ಕಡಲಿನ ಆಳದ ನಕ್ಷೆಯನ್ನು ಮುಂದಿಟ್ಟರೆ, ವಿದ್ಯಾರ್ಥಿಗಳೇ ಕಂಡುಹಿಡಿಯುವರು.