ಅಡಿಕೆಯ ಕೊಳೆ: ಅಪ್ಪಯ್ಯ ಕಲಿಸಿದ ರೋಗನಿದಾನ

ಅಡಿಕೆ ಜಗಿಯಬೇಡಿ ಎಂದು ರೋಗಿಗಳಿಗೆ ಹೇಳುವ ವೈದ್ಯ ನಾನು. ಆದರೆ ನನ್ನ ಎಂಬಿಬಿಎಸ್ ಫೀಸು ಬಂದದ್ದು ಸಾಗರ ಸೀಮೆಯ ನಮ್ಮ ಎರಡು ಎಕರೆ ಅಡಿಕೆ ತೋಟದಿಂದಲೇ! ಹಾಗಾಗಿ ಈ ಬಾರಿ ಮನುಷ್ಯರ ಕಾಯಿಲೆ ಬಿಟ್ಟು ಅಡಿಕೆಯ ಕಾಯಿಲೆಯ ಬಗ್ಗೆ ನಾಲ್ಕು ಮಾತು.

ಎರಡನೇ ವರ್ಷದಲ್ಲಿದ್ದಾಗ ರಜೆಗೆ ಊರಿಗೆ ಹೋಗಿದ್ದೆ. ಪುಷ್ಯ ಮಳೆ ಬಿಡದೆ ಹೊಡೆಯುತ್ತಿತ್ತು. ಮರದ ಬುಡದಲ್ಲಿ ಹಸಿರು ಕಾಯಿಗಳು ಉದುರಿದ್ದವು. "ಗಾಳಿಗೆ ಬಿದ್ದಿರಬೇಕು" ಎಂದೆ. ಅಪ್ಪಯ್ಯ ಒಂದು ಕಾಯಿ ಎತ್ತಿ ತೊಟ್ಟಿನ ಕಡೆ ತೋರಿಸಿದರು. ಅಲ್ಲಿ ನೀರಿನಲ್ಲಿ ನೆನೆದಂಥ ಕಡುಹಸಿರು ಕಲೆ. ಕಾಯಿಯ ಹೊಳಪೂ ಹೋಗಿತ್ತು. "ಕೊಳೆ ಬಂತು ತಮಾ" ಎಂದಷ್ಟೇ ಹೇಳಿದರು. ಕೆಲವೇ ದಿನಗಳಲ್ಲಿ ಬಿದ್ದ ಕಾಯಿಗಳ ಮೇಲೆ ಹತ್ತಿಯಂತೆ ಬಿಳಿ ಬೂಸ್ಟು ಹಬ್ಬಿತು. ಎರಡನೇ ಸಲ ಮದ್ದು ಹೊಡೆಯಲು ಮಳೆ ಬಿಡಲೇ ಇಲ್ಲ. ಅರ್ಧ ಫಸಲು ಹೋಯಿತು. ಆ ವರ್ಷದ ಫೀಸಿಗೆ ಅಮ್ಮನ ಬಳೆ ಅಡವಿಗೆ ಹೋದವು.

ಕೊಳೆಗೆ ಕಾರಣ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ. ಮೊದಲು ಇದನ್ನು ಶಿಲೀಂಧ್ರವೆಂದೇ ಎಣಿಸುತ್ತಿದ್ದರು. ಈಗ ಪಾಚಿಗಳಿಗೆ ಹತ್ತಿರದ ಬೇರೆ ಗುಂಪಿಗೆ ಸೇರಿಸಿದ್ದಾರೆ. ಎಡೆಬಿಡದ ಮಳೆ, ತಂಪು ಹವೆ ಇದಕ್ಕೆ ಹಬ್ಬ. ರೋಗ ಸುಳಿಗೆ ಇಳಿದರೆ ಮರವೇ ಸಾಯುತ್ತದೆ. ಹಿಂದೆ ಗೊನೆಗಳಿಗೆ ಕರಡದ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು.

ನಾವೀಗ ನೆಲೆಸಿರುವ ಕೆನಡಾದ ಒಂಟಾರಿಯೋದಲ್ಲೇ ಹುಟ್ಟಿದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. 1910ರಲ್ಲಿ ಕೊಳೆರೋಗದ ಬಗ್ಗೆ ತಮ್ಮ ಅಧ್ಯಯನ ಪ್ರಕಟಿಸಿ, ಬೋರ್ಡೋ ದ್ರಾವಣದ ದಾರಿ ತೋರಿಸಿದರು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮಳೆಗಾಲಕ್ಕೆ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ ಗೊನೆಗೆ ಹೊಡೆಯಬೇಕು. ಇಂದಿಗೂ ನಮ್ಮ ತೋಟಕ್ಕೆ ಅದೇ ಮದ್ದು.

ಈಚೆಗೆ ತಮ್ಮ ವಾಟ್ಸಾಪಿನಲ್ಲಿ ಉದುರಿದ ಕಾಯಿಗಳ ಫೋಟೋ ಕಳಿಸಿದ. ನೋಡಿದ್ದೇ ತಡ "ಕೊಳೆ, ಬೇಗ ಮದ್ದು ಹೊಡೆಸು" ಎಂದು ಬರೆದೆ. "ಅಣ್ಣಾ, ತೊಟ್ಟು ನೋಡಿದೆಯಾ?" ಎಂದು ಕೇಳಿದ. ಫೋಟೋ ದೊಡ್ಡದು ಮಾಡಿ ನೋಡಿದೆ. ತೊಟ್ಟಿನಲ್ಲಿ ಕಲೆಯಿಲ್ಲ, ಕಾಯಿ ಹೊತ್ತಿಗೆ ಮುಂಚೆ ಹಳದಿಯಾಗಿ ಉದ್ದಕ್ಕೆ ಸೀಳಿತ್ತು. ಅದು ಕಾಯಿ ಒಡೆಯುವ ತೊಂದರೆ. ತೋಟದಲ್ಲಿ ನೀರು ನಿಂತದ್ದು ಕಾರಣ. ಬಸಿಗಾಲುವೆ ಬಿಡಿಸುವುದೇ ಅದಕ್ಕೆ ಮದ್ದು.

ಎಂಡಿ ಮಾಡಿ ಮೂವತ್ತು ವರ್ಷ ರೋಗಿಗಳನ್ನು ನೋಡಿದವನು ಕಾಯಿಯನ್ನು ನೋಡದೆಯೇ ಚೀಟಿ ಬರೆದಿದ್ದೆ! ಅಪ್ಪಯ್ಯ ಇದ್ದಿದ್ದರೆ ನಕ್ಕುಬಿಡುತ್ತಿದ್ದರು. ಊರಿನಲ್ಲಿ ತೋಟವಿರುವ ಮಿತ್ರರೇ, ಮುಂದಿನ ಮಳೆಗಾಲದಲ್ಲಿ ಮನೆಯಿಂದ ಫೋನು ಬಂದರೆ ಮದ್ದಿನ ಮಾತು ಆಮೇಲೆ. ಮೊದಲು ತೊಟ್ಟು ನೋಡಲು ಹೇಳಿ.